ಒಲ್ಲೆನೆಂಬ ರೈತನನ್ನು ಒಲಿಸುವ ಬಗೆ
ತೊಗರಿ ಹೊಲದಲ್ಲಿ ಕಲಿತ ಪಾಠಗಳು



ಬೀಜ, ಗೊಬ್ಬರ, ಔಷಧಿಗಳ ವಿಚಾರವನ್ನು ಈ ಪುಟದಲ್ಲಿ ವಾರವಾರವೂ ಓದುತ್ತೀರಿ. ಈ ವಾರ ಯಾವ ಅಂಗಡಿಯಲ್ಲಿಯೂ ದೊರೆಯದ, ಆದರೆ ಬೇಸಾಯಕ್ಕೆ ಅತ್ಯಗತ್ಯವಾದ ಒಂದು ಪರಿಕರದ ಬಗ್ಗೆ ಬರೆಯುತ್ತಿದ್ದೇನೆ. ಅದು ‘ಒಲ್ಲೆ’ ಎಂದು ಕುಳಿತವರನ್ನು ನಯವಾಗಿ ಒಪ್ಪಿಸುವ ಮಾತು.

ಇದು ಕೃಷಿ ಇಲಾಖೆಯ ಅಧಿಕಾರಿಗಳಿಗೆ ಮಾತ್ರ ಬೇಕಾದ ವಿದ್ಯೆ ಎಂದು ತಿಳಿಯಬೇಡಿ. ಕಲಬುರಗಿ ಸುತ್ತಲಿನ ಶರಣಸಿರಸಗಿಯಂಥ ಊರುಗಳಲ್ಲಿ ಮುಂಗಾರಿನ ಮುಖ್ಯ ಬೆಳೆ ತೊಗರಿ. ತೊಗರಿಗೆ ಬರುವ ಕಾಯಿಕೊರಕ ಹುಳುವಿನ ಚಿಟ್ಟೆ ಯಾರ ಬದುವನ್ನೂ ಕೇಳಿ ಹಾರುವುದಿಲ್ಲ. ನೆಟೆ ರೋಗದ ಶಿಲೀಂಧ್ರವು ಮೇಲಿನ ಹೊಲದಿಂದ ಮಳೆ ನೀರಿನ ಜೊತೆಗೆ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಕುಂಟೆ ಕೂರಿಗೆಗೆ ಅಂಟಿದ ಮಣ್ಣಿನಲ್ಲಿಯೂ ಸಾಗುತ್ತದೆ. ನೀವು ಎಷ್ಟೇ ಎಚ್ಚರ ವಹಿಸಿದರೂ ಬದುವಿನಾಚೆಯವರು ಕೈಕಟ್ಟಿ ಕುಳಿತರೆ ನಿಮ್ಮ ಶ್ರಮದ ಅರ್ಧ ಪಾಲು ವ್ಯರ್ಥವಾಗುತ್ತದೆ. ಮನೆಯೊಳಗೂ ಇದೇ ಮಾತು. ಮಗ ಹೊಸ ತಳಿ ಎನ್ನುತ್ತಾನೆ, ತಂದೆ ಬೇಡ ಎನ್ನುತ್ತಾರೆ. ಮಾತು ಬೆಳೆದು ಮಿರಗದ ಮಳೆ ಸರಿದುಹೋಗುತ್ತದೆ. ಆದ್ದರಿಂದ ಒಪ್ಪಿಸುವ ಕಲೆಯೂ ಬೇಸಾಯದ ಒಂದು ಕೆಲಸವೇ ಸರಿ.

‘ಒಲ್ಲೆ’ ಎಂಬುದರ ಹಿಂದೆ ಏನಿದೆ?

ಹೊಸದನ್ನು ಒಪ್ಪದ ರೈತನನ್ನು ‘ತಿಳಿವಳಿಕೆ ಇಲ್ಲದವ’ ಎನ್ನುವುದು ಸುಲಭ. ಆದರೆ ಅದು ಬಹುಪಾಲು ಸುಳ್ಳು. ಇಪ್ಪತ್ತು ವರ್ಷಗಳ ಓಡಾಟದಲ್ಲಿ ನಾನು ಕಂಡ ‘ಒಲ್ಲೆ’ಗಳಲ್ಲಿ ನಾಲ್ಕು ಬಗೆಗಳಿವೆ.

ಮೊದಲನೆಯದು ಕೈಯಲ್ಲಿ ದುಡ್ಡಿಲ್ಲದ ಒಲ್ಲೆ. ಬಿತ್ತನೆಯ ಹೊತ್ತಿಗೆ ಸಾಲ ಮಾಡಿದವನಿಗೆ ನೂರು ರೂಪಾಯಿಯೂ ಭಾರ. ಅವನು ‘ದುಡ್ಡಿಲ್ಲ’ ಎಂದು ನಾಲ್ಕು ಜನರ ಮುಂದೆ ಹೇಳಲಾರ. ‘ಅದರಿಂದ ಏನೂ ಆಗೂದಿಲ್ಲ ಬಿಡ್ರಿ’ ಎಂದು ಮಾತು ಮುಗಿಸುತ್ತಾನೆ.

ಎರಡನೆಯದು ಪೆಟ್ಟು ತಿಂದವನ ಒಲ್ಲೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವ ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಹಿಂದೆ ಯಾರದೋ ಮಾತು ಕೇಳಿ ಕಳಪೆ ಬೀಜ ಬಿತ್ತಿದವನು, ನಕಲಿ ಔಷಧಿ ಹೊಡೆದವನು ಈಗ ಯಾರನ್ನೂ ನಂಬುವುದಿಲ್ಲ.

ಮೂರನೆಯದು ಮರ್ಯಾದೆಯ ಒಲ್ಲೆ. ನಲವತ್ತು ವರ್ಷ ಹೊಲ ಮಾಡಿದ ಹಿರಿಯರಿಗೆ ನಿನ್ನೆ ಮೊನ್ನೆ ಬಂದವರು ‘ನೀವು ಮಾಡುವುದು ತಪ್ಪು’ ಎಂದರೆ, ಮಾತು ಸರಿಯಿದ್ದರೂ ಮನಸ್ಸು ಒಪ್ಪದು.

ನಾಲ್ಕನೆಯದು ನಿಜವಾದ ತಿಳಿವಳಿಕೆಯ ಒಲ್ಲೆ. ಆ ಹೊಲದ ಮಣ್ಣು, ನೀರು, ಗಾಳಿ ಅವರಿಗೆ ಗೊತ್ತು. ನಾವು ಹೇಳುವ ಪದ್ಧತಿ ಅಲ್ಲಿಗೆ ಹೊಂದದು ಎಂಬುದೂ ಗೊತ್ತು.

ರೋಗ ತಿಳಿಯದೆ ಮದ್ದು ಕೊಡಲಾಗದು. ಹಾಗೆಯೇ ಯಾವ ‘ಒಲ್ಲೆ’ ಎಂಬುದನ್ನು ತಿಳಿಯದೆ ಮಾತು ಆರಂಭಿಸಬಾರದು. ದುಡ್ಡಿಲ್ಲದವನಿಗೆ ವಿಜ್ಞಾನ ಹೇಳಿದರೆ ಪ್ರಯೋಜನವಿಲ್ಲ. ಕಡಿಮೆ ಖರ್ಚಿನ ದಾರಿ ತೋರಿಸಬೇಕು. ಪೆಟ್ಟು ತಿಂದವನಿಗೆ ಭರವಸೆಯ ಮಾತು ಬೇಡ. ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ಹಿರಿಯರಿಗೆ ಉಪದೇಶ ಬೇಡ. ಅವರನ್ನೇ ಕೇಳಿ ಆರಂಭಿಸಬೇಕು. ನಾಲ್ಕನೆಯವರ ಮುಂದೆಯಂತೂ ನಾವೇ ಕುಳಿತು ಕಲಿಯಬೇಕು.

ಮಾರುತಿ ತಳಿ ಹಳ್ಳಿ ಹಳ್ಳಿ ತಲುಪಿದ ಬಗೆ

ನೆಟೆ ರೋಗ ತೊಗರಿಯ ಹಳೆಯ ವೈರಿ. ಹಸಿರಾಗಿ ನಿಂತ ಗಿಡ ಹೂವು ಕಾಯಿ ಬಿಡುವ ಹೊತ್ತಿಗೆ ಇದ್ದಕ್ಕಿದ್ದಂತೆ ಬಾಡಿ ಒಣಗುತ್ತದೆ. ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಂದು, ಕಪ್ಪು ಗೆರೆಗಳು ಕಾಣುತ್ತವೆ. ಇದರ ಶಿಲೀಂಧ್ರವು ಮಣ್ಣಿನಲ್ಲಿ, ತೊಗರಿಯ ಕೊಳೆ ಕಡ್ಡಿಗಳಲ್ಲಿ ಮೂರು ವರ್ಷದಷ್ಟು ಕಾಲ ಜೀವ ಹಿಡಿದಿರುತ್ತದೆ. ಗಿಡ ಬಾಡಿದ ಮೇಲೆ ಏನು ಹೊಡೆದರೂ ಅದು ಮರಳಿ ಚಿಗುರುವುದಿಲ್ಲ.

ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು, ಮಹಾರಾಷ್ಟ್ರದ ಒಂದು ಸ್ಥಳೀಯ ತೊಗರಿಯಿಂದ ನೆಟೆ ರೋಗ ತಡೆಯುವ ಗಿಡಗಳನ್ನು ಆರಿಸಿ ಐಸಿಪಿ 8863 ಎಂಬ ತಳಿಯನ್ನು ಸಿದ್ಧಪಡಿಸಿದರು. 1986ರಲ್ಲಿ ಅದು ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಬಿಡುಗಡೆ ಆದದ್ದು ನಮ್ಮ ರಾಜ್ಯಕ್ಕೆ. ಆದರೆ ಬೀಜವು ಬೀಗರ ಮನೆಯಿಂದ ಬೀಗರ ಮನೆಗೆ, ಸಂತೆಯಿಂದ ಸಂತೆಗೆ ಸಾಗಿ ಗಡಿಯಾಚೆಯ ಮಹಾರಾಷ್ಟ್ರ, ಆಂಧ್ರದ ಹಳ್ಳಿಗಳನ್ನೂ ಸೇರಿತು.

ಈ ಬೀಜ ಹಬ್ಬಿದ್ದರಲ್ಲಿ ಭಾಷಣದ ಪಾಲು ಸಣ್ಣದು. ಸತ್ತ ತೊಗರಿಯ ಹೊಲದ ಪಕ್ಕದಲ್ಲಿಯೇ ನಿಂತಿದ್ದ ಹಸಿರು ತೊಗರಿ ನೂರು ಭಾಷಣಗಳ ಕೆಲಸ ಮಾಡಿತು. ಒಂದು ಹೊಲದಲ್ಲಿ ಕಂಡದ್ದನ್ನು ನಾಲ್ವರು ಕೇಳಿದರು. ಎರಡು ಸೇರು ಬೀಜ ಬೇಡಿ ಒಯ್ದರು.

ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಮಾರುತಿ ನೆಟೆ ರೋಗವನ್ನು ತಡೆಯಿತೇ ವಿನಾ ಗೊಡ್ಡು ರೋಗವನ್ನು ತಡೆಯಲಿಲ್ಲ. ಎರಡೂ ರೋಗ ತಡೆಯುವ ‘ಆಶಾ’ ತಳಿ 1993ರಲ್ಲಿ ಬಂತು. ಆದರೆ ಅದರ ಅವಧಿ ಹೆಚ್ಚು, ತೇವ ಬೇಗ ಆರುವ ತೆಳು ಮಣ್ಣಿಗೆ ಹೊಂದದು. ಅನಂತರ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ಮುಂತಾದ ತಳಿಗಳು ಬಂದಿವೆ. ಪ್ರತಿಯೊಂದಕ್ಕೂ ಅದರದೇ ಗುಣ, ಅದರದೇ ಮಿತಿ. ಒಪ್ಪಿಸುವವನು ಗುಣದ ಜೊತೆಗೆ ಮಿತಿಯನ್ನೂ ಮೊದಲೇ ಹೇಳಬೇಕು. ‘ಈ ಬೀಜಕ್ಕೆ ಯಾವ ರೋಗವೂ ಬರುವುದಿಲ್ಲ’ ಎಂದು ಹೇಳಿ ಒಪ್ಪಿಸಿದರೆ ಒಂದು ವರ್ಷ ಗೆಲ್ಲಬಹುದು. ಮರುವರ್ಷ ಗೊಡ್ಡು ರೋಗ ಬಂದಾಗ ನಿಮ್ಮ ಮಾತಿಗೆ ಬೆಲೆ ಇರದು.

ಮಾತಿನ ಬೆಲೆ ಎಷ್ಟೆಂಬುದನ್ನು 2022ರ ಹಂಗಾಮು ತೋರಿಸಿಕೊಟ್ಟಿತು. ಆ ವರ್ಷ ಕಲಬುರಗಿ, ಬೀದರ, ಯಾದಗಿರಿ ಭಾಗದಲ್ಲಿ ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನೆಟೆ ರೋಗಕ್ಕೆ ತುತ್ತಾಗಿ ಹೊಲಹೊಲಗಳೇ ಒಣಗಿದವು. ಸರ್ಕಾರವು ಹೆಕ್ಟೇರಿಗೆ 10,000 ರೂಪಾಯಿ ಪರಿಹಾರವನ್ನು ಘೋಷಿಸಬೇಕಾಯಿತು. ಪರಿಹಾರದ ಹಣ ಬೆಳೆಗೆ ಸಮನಾಗಲಿಲ್ಲ. ಅದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿಯನ್ನೇ ಬಿತ್ತದೆ ನಡುವೆ ಜೋಳ ಬಿತ್ತುವುದು, ಬೀಜೋಪಚಾರ ಮಾಡುವುದು ಇವೆಲ್ಲ ಹಳೆಯ ಸಲಹೆಗಳು. ಗೊತ್ತಿರಲಿಲ್ಲ ಎನ್ನುವವರು ಕಡಿಮೆ. ಒಪ್ಪಿ ಮಾಡಿದವರೂ ಕಡಿಮೆ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಈ ಹಳ್ಳವನ್ನು ದಾಟಿಸುವುದೇ ನಾವು ಹೇಳುತ್ತಿರುವ ಕಲೆ.

ಕುಡಿ ಚಿವುಟುವ ಮಾತು

ತೊಗರಿ ಬಿತ್ತಿದ 45ರಿಂದ 50 ದಿನಗಳ ಹೊತ್ತಿಗೆ ಗಿಡದ ತುದಿಯ ಕುಡಿಯನ್ನು 5–6 ಸೆಂಟಿಮೀಟರಿನಷ್ಟು ಚಿವುಟಿದರೆ ಗಿಡ ಮೇಲಕ್ಕೆ ಏರುವುದನ್ನು ಬಿಟ್ಟು ಪಕ್ಕಕ್ಕೆ ಟಿಸಿಲೊಡೆಯುತ್ತದೆ. ರೆಂಬೆ ಹೆಚ್ಚಿದಷ್ಟೂ ಹೂವು ಕಾಯಿಗೆ ಜಾಗ ಹೆಚ್ಚು. ಇದನ್ನು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡಿದೆ. ಈಗ ಬ್ಯಾಟರಿಯಿಂದ ನಡೆಯುವ ಚಿವುಟುವ ಯಂತ್ರಗಳೂ ಬಂದಿವೆ. ಆದರೆ ಮೊದಲ ಸಲ ಕೇಳಿದವರ ಮನಸ್ಸು ಇದನ್ನು ಒಪ್ಪುವುದು ಕಷ್ಟ.

ಶರಣಸಿರಸಗಿಯ ಕಡೆ ಒಮ್ಮೆ ಕಟ್ಟೆಯ ಮೇಲೆ ಈ ಮಾತು ಎತ್ತಿದಾಗ ಹಿರಿಯರೊಬ್ಬರು, ‘ಏನ್ರಿ ಸಾಹೇಬ್ರ, ಬೆಳಿಯೊ ಕೂಸಿನ ಕುತ್ತಿಗಿ ಹಿಚುಕ್ರಿ ಅಂದಂಗ ಆಯ್ತಲ್ರಿ ಇದು’ ಎಂದರು. ಕುಳಿತವರೆಲ್ಲ ನಕ್ಕರು. ಅಂಥ ಹೊತ್ತಿನಲ್ಲಿ ವಾದಕ್ಕೆ ಇಳಿದರೆ ನಗುವವರ ಸಂಖ್ಯೆ ಹೆಚ್ಚುತ್ತದೆ, ಒಪ್ಪುವವರದಲ್ಲ. ನಾನು ಅವರನ್ನೇ ಕೇಳಿದೆ: ‘ಮುತ್ಯಾ, ನಿಮ್ಮ ಹೊಲದಾಗ ಮೇಕಿ ನುಗ್ಗಿ ತುದಿ ತಿಂದ ತೊಗರಿ ಗಿಡ ಮುಂದ ಹ್ಯಾಂಗ ಬೆಳೀತದ, ನೋಡೀರೇನ್ರಿ?’

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬುಡ್ಡ ಆಗಿ ಪೊದಿ ಕಟ್ತದರಿ’ ಎಂದರು. ‘ಕಾಯಿ?’ ‘ಅದೇನ್ ಕಮ್ಮಿ ಇರಂಗಿಲ್ರಿ.’

ಮೇಕೆ ಮೇಯ್ದರೆ ಗಿಡಕ್ಕೆ ಒಳ್ಳೆಯದೆಂದು ಇದರ ಅರ್ಥವಲ್ಲ; ತಡವಾಗಿ ಮೇಯ್ದರೆ, ಬುಡದವರೆಗೆ ಮೇಯ್ದರೆ ಬೆಳೆ ಹೋಯಿತು. ಆದರೆ ಸರಿಯಾದ ಹೊತ್ತಿನಲ್ಲಿ ತುದಿ ಹೋದ ಗಿಡ ಟಿಸಿಲೊಡೆಯುತ್ತದೆ ಎಂಬ ತತ್ವ ಅವರ ಕಣ್ಣಿನಲ್ಲಿಯೇ ಇತ್ತು. ಅದನ್ನು ಹೊರಗೆ ತರುವುದಷ್ಟೇ ನನ್ನ ಕೆಲಸವಾಗಿತ್ತು. ಆಮೇಲೆ, ‘ಇಡೀ ಹೊಲ ಬ್ಯಾಡ್ರಿ. ನಾಲ್ಕ ಸಾಲು ಚಿವುಟ್ರಿ, ಬಾಜು ನಾಲ್ಕ ಸಾಲು ಹಂಗೇ ಬಿಡ್ರಿ. ಕಾಯಿ ನೀವೇ ಎಣಿಸ್ರಿ’ ಎಂದೆ. ‘ನಾಲ್ಕ ಸಾಲಿಗೇನ್ ಹೋಗ್ತದ’ ಎಂದು ಒಪ್ಪಿದರು. ಮರುವರ್ಷ ಕುಡಿ ಚಿವುಟಲು ಆಳು ಸಿಗುತ್ತಿಲ್ಲ ಎಂದು ದೂರು ಹೇಳಿದವರಲ್ಲಿ ಅವರೂ ಒಬ್ಬರು!

ಇದರಿಂದ ಕಲಿಯುವುದು ಇಷ್ಟು: ಹೊಸ ಮಾತನ್ನು ಕೇಳುವವರಿಗೆ ಈಗಾಗಲೇ ಗೊತ್ತಿರುವ ಒಂದು ಸಂಗತಿಗೆ ಗಂಟು ಹಾಕಬೇಕು. ಬೇಡಿಕೆಯನ್ನು ಚಿಕ್ಕದು ಮಾಡಬೇಕು. ತೀರ್ಪನ್ನು ಅವರ ಕೈಗೇ ಬಿಡಬೇಕು.

ಗಿಡ ಅಲ್ಲಾಡಿಸಿ ಹುಳು ಉದುರಿಸುವುದು

ಒಪ್ಪಿಸುವ ಕೆಲಸ ಅಧಿಕಾರಿಯಿಂದ ರೈತನ ಕಡೆಗೆ ಮಾತ್ರ ಹರಿಯುವುದಿಲ್ಲ. ಹೊಲದಿಂದ ಪ್ರಯೋಗಶಾಲೆಯ ಕಡೆಗೂ ಹರಿಯುತ್ತದೆ. ಕಾಯಿಕೊರಕ ಹುಳುವನ್ನು ತೊಗರಿ ಗಿಡ ಅಲ್ಲಾಡಿಸಿ ಉದುರಿಸುವುದು ಕೀಟನಾಶಕಗಳು ಬರುವ ಮೊದಲು ನಮ್ಮ ಕಡೆಯ ಹಿರಿಯರು ಮಾಡುತ್ತಿದ್ದ ಉಪಾಯ. ಡಬ್ಬಿಯ ಔಷಧಿ ಬಂದ ಮೇಲೆ ಅದು ಮರೆತುಹೋಯಿತು.

ಆದರೆ ಡಬ್ಬಿಯ ಔಷಧಿಗೂ ಒಂದು ಕೊನೆ ಇದೆ. 1987ರ ಸುಮಾರಿಗೆ ಆಂಧ್ರದ ಹತ್ತಿ ಹೊಲಗಳಲ್ಲಿ ಇದೇ ಜಾತಿಯ ಹುಳುವಿಗೆ ಪೈರೆಥ್ರಾಯ್ಡ್ ಔಷಧಿಗಳು ನಾಟದಾದವು. ಮತ್ತೆ ಮತ್ತೆ ಹೊಡೆದು ಹುಳು ಅದಕ್ಕೆ ಒಗ್ಗಿಹೋಗಿತ್ತು. ಸಾಲ ಮಾಡಿ ಔಷಧಿ ಕೊಂಡವರು ಬೆಳೆಯನ್ನೂ ಕಳೆದುಕೊಂಡರು. ಮುಂದೆ ನಮ್ಮ ತೊಗರಿ ನಾಡಿನಲ್ಲಿಯೂ ಅದೇ ಕಷ್ಟ ಎದುರಾಯಿತು. 1990ರ ದಶಕದಲ್ಲಿ ಕಲಬುರಗಿ ಭಾಗದ ರೈತರ ಹಳೆಯ ಉಪಾಯವನ್ನು ಇಕ್ರಿಸ್ಯಾಟ್ ವಿಜ್ಞಾನಿಗಳು ಪರೀಕ್ಷಿಸಿ, ಅದು ಪರಿಣಾಮಕಾರಿ ಎಂದು ಕಂಡು ಬೇರೆ ಊರುಗಳಿಗೂ ಒಯ್ದರು.

ವಿಧಾನ ಸರಳ. ಮುಂಜಾನೆಯ ಹೊತ್ತು ಗಿಡಗಳ ಸಾಲಿನ ನಡುವೆ ಇಬ್ಬರು ತಾಡಪತ್ರಿ ಹಿಡಿದು ಸಾಗಬೇಕು. ಉಳಿದವರು ಎರಡೂ ಕಡೆಯ ಗಿಡಗಳನ್ನು ತಾಡಪತ್ರಿಯ ಮೇಲೆ ಬಾಗಿಸಿ ಮೆಲ್ಲಗೆ ಅಲ್ಲಾಡಿಸಬೇಕು. ಬಿದ್ದ ಹುಳುಗಳನ್ನು ಕೂಡಿಸಿ ನಾಶ ಮಾಡಬೇಕು. ಕೋಳಿ ಸಾಕಿದವರು ಕೋಳಿಗೆ ಹಾಕಬಹುದು.

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಪ್ರಶ್ನೆ: ‘ಹೂವು ಉದುರೂದಿಲ್ಲೇನ್ರಿ?’ ಒಳ್ಳೆಯ ಪ್ರಶ್ನೆ. ಇದಕ್ಕೆ ‘ಇಲ್ಲ’ ಎಂದು ಉತ್ತರಿಸುವುದು ಸರಿಯಲ್ಲ, ಕೆಲವು ಉದುರುತ್ತವೆ. ಆದರೆ ತೊಗರಿಯ ಸ್ವಭಾವವೇ ಬೇರೆ. ಅದು ಬಿಡುವ ನೂರು ಹೂವಿನಲ್ಲಿ ಎಂಬತ್ತಕ್ಕಿಂತ ಹೆಚ್ಚು, ಯಾರೂ ಮುಟ್ಟದಿದ್ದರೂ ತಾನಾಗಿಯೇ ಉದುರುತ್ತವೆ. ಸಂದೇಹವಿದ್ದವರು ಯಾರೂ ಮುಟ್ಟದ ಒಂದು ಗಿಡದ ಕೆಳಗೆ ಸಂಜೆ ಒಂದು ಬಟ್ಟೆ ಹಾಸಿ ಮರುದಿನ ಬಿದ್ದ ಹೂವನ್ನು ಎಣಿಸಿ ನೋಡಲಿ. ಹೂವಿನ ಲೆಕ್ಕವನ್ನು ಒಮ್ಮೆ ತಾವೇ ಮಾಡಿದವರು ಮರಳಿ ಆ ಪ್ರಶ್ನೆ ಕೇಳುವುದಿಲ್ಲ. ಒಂದು ಮರಿಹುಳು ತನ್ನ ಆಯುಷ್ಯದಲ್ಲಿ ಒಂದೇ ಕಾಯಿಗೆ ನಿಲ್ಲದೆ ಕಾಯಿಯಿಂದ ಕಾಯಿಗೆ ಸಾಗುತ್ತದೆ ಎಂಬುದೂ ನೆನಪಿರಲಿ.

ಇಲ್ಲಿ ನೆರೆಯವರ ಒಪ್ಪಿಗೆ ಬೇಕೇ ಬೇಕು. ಒಬ್ಬರು ಈ ವಾರ, ಒಬ್ಬರು ಮುಂದಿನ ವಾರ ಮಾಡಿದರೆ, ಉಳಿದ ಹುಳು ಮಣ್ಣಿನಲ್ಲಿ ಕೋಶವಾಗಿ, ಚಿಟ್ಟೆಯಾಗಿ ಹಾರಿ ಬಂದು ಶುದ್ಧ ಮಾಡಿದ ಹೊಲದಲ್ಲಿಯೇ ಮತ್ತೆ ಮೊಟ್ಟೆ ಇಡುತ್ತದೆ. ನಾಲ್ಕಾರು ಹೊಲದವರು ಮುಯ್ಯಾಳಿನ ಲೆಕ್ಕದಲ್ಲಿ ಕೂಡಿ ಇಂದು ನಿಮ್ಮದು, ನಾಳೆ ನಮ್ಮದು ಎಂದು ಮಾಡಿದರೆ ಕೂಲಿಯೂ ಉಳಿಯುತ್ತದೆ, ಹುಳುವೂ ತಗ್ಗುತ್ತದೆ.

ಹಕ್ಕಿಗಳಿಗೂ ಪಾಲು

ಹೊಲದಲ್ಲಿ ಹಕ್ಕಿ ಕೂರಲು ಗೂಟ ನೆಡಿ ಎಂದರೆ ಕೆಲವರು ಬೇಡ ಎನ್ನುತ್ತಾರೆ. ‘ಹಕ್ಕಿ ಬಂದ್ರ ಕಾಳ ತಿಂತಾವ’ ಎಂಬುದು ಜೋಳ ಬೆಳೆದವರ ಅನುಭವ. ಅದು ಸುಳ್ಳಲ್ಲ. ಆದರೆ ಹುಳುವಿನ ಕಾಲದಲ್ಲಿ ತೊಗರಿ ಹೊಲಕ್ಕೆ ಬರುವ ಕಾಜಾಣ, ಗೊರವಂಕದಂಥ ಹಕ್ಕಿಗಳು ಹುಳುವನ್ನು ಹುಡುಕಿ ತಿನ್ನುತ್ತವೆ.

ಈ ಮಾತನ್ನು ಅಂಕಿ ಅಂಶದಿಂದ ಹೇಳುವುದಕ್ಕಿಂತ ಶರಣಬಸವೇಶ್ವರರ ಹೆಸರಿನಿಂದ ಹೇಳುವುದು ನಮ್ಮ ಭಾಗದಲ್ಲಿ ಸುಲಭ. ಅರಳಗುಂಡಗಿಯ ಒಕ್ಕಲು ಮನೆತನದಲ್ಲಿ 1746ರಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣರು, ಬೆಳೆ ಕಾಯಲು ಹೋದಾಗ ಹಕ್ಕಿಗಳನ್ನು ಓಡಿಸದೆ ಅವಕ್ಕೆ ತಿನ್ನಲು ಬಿಟ್ಟು ಕುಡಿಯಲು ನೀರು ಇಟ್ಟರೆಂಬ ಕಥೆ ಇಲ್ಲಿ ಮಗುವಿಗೂ ಗೊತ್ತು. ಹಕ್ಕಿಗೆ ಪಾಲು ಕೊಡುವುದು ಪುಣ್ಯ ಎಂದು ನಂಬಿದ ನಾಡಿನಲ್ಲಿ, ಅದು ಲಾಭವೂ ಹೌದು ಎಂದು ಸೇರಿಸಿದರೆ ಸಾಕು. ಎಕರೆಗೆ ಹದಿನೈದು ಇಪ್ಪತ್ತು ಕವಲು ಕಡ್ಡಿಗಳನ್ನು ಗಿಡಕ್ಕಿಂತ ಎತ್ತರವಾಗಿ ನೆಟ್ಟರೆ ಆಯಿತು. ನಡುನಡುವೆ ಸ್ವಲ್ಪ ಚುರುಮುರಿ ಚೆಲ್ಲಿದರೆ ಹಕ್ಕಿಗಳು ಬೇಗ ರೂಢಿಯಾಗುತ್ತವೆ. ಕಾಸು ಖರ್ಚಿಲ್ಲದ ಈ ಕೆಲಸವನ್ನು ದುಡ್ಡಿಲ್ಲದ ಒಲ್ಲೆಯವರಿಗೆ ಮೊದಲು ಹೇಳಿ.

ಆದರೆ ಜನರ ಭಕ್ತಿಯನ್ನು ಮಾತಿನ ಗಾಳವಾಗಿ ಬಳಸಬಾರದು. ನಿಜವಾಗಿ ಹೊಂದುವ ಕಡೆ ಮಾತ್ರ ಹೇಳಬೇಕು.

ಹೊರ ದೇಶಗಳ ಅನುಭವ

ಹೊಸದಕ್ಕೆ ಹಿಂದೆ ಮುಂದೆ ನೋಡುವುದು ನಮ್ಮ ರೈತರ ದೋಷವೆಂದು ಕೆಲವರು ಹೇಳುವುದುಂಟು. ಅಮೆರಿಕದ ಅಯೋವಾ ರಾಜ್ಯದಲ್ಲಿ ಸಂಕರಣ ಮೆಕ್ಕೆಜೋಳದ ಬೀಜ 1928ರ ಸುಮಾರಿಗೆ ಬಂತು. ಅಲ್ಲಿನ ಎರಡು ಊರುಗಳ 259 ರೈತರನ್ನು ಮಾತಾಡಿಸಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 1943ರಲ್ಲಿ ಒಂದು ವರದಿ ಪ್ರಕಟಿಸಿದರು. 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಉಳಿದೆಲ್ಲರೂ ಆ ಬೀಜವನ್ನು ಒಪ್ಪಿದ್ದರು. ಆದರೆ ಅದಕ್ಕೆ ಹತ್ತು ಹನ್ನೆರಡು ವರ್ಷ ಹಿಡಿಯಿತು. ಬೀಜದ ಸುದ್ದಿಯನ್ನು ಹಲವರು ಮೊದಲು ಕೇಳಿದ್ದು ಮಾರುವವರ ಬಾಯಿಂದ. ಒಪ್ಪಿದ್ದು ಮಾತ್ರ ನೆರೆಯ ರೈತನ ಹೊಲ ನೋಡಿ, ಅವನ ಮಾತು ಕೇಳಿ. ಒಪ್ಪಿದ ಮೇಲೂ ಮೊದಲ ವರ್ಷ ಸಣ್ಣ ತುಂಡು ಹೊಲದಲ್ಲಿಯೇ ಬಿತ್ತಿ ನೋಡಿದರು. ನಮ್ಮ ನಾಲ್ಕು ಸಾಲಿನ ಲೆಕ್ಕವೇ ಅದು.

ಇನ್ನೊಂದು ಉದಾಹರಣೆ 1903ರದು. ಟೆಕ್ಸಾಸ್ ರಾಜ್ಯದ ಟೆರೆಲ್ ಎಂಬಲ್ಲಿ ಸೀಮನ್ ನ್ಯಾಪ್ ಎಂಬ ಕೃಷಿ ತಜ್ಞರು ಸರ್ಕಾರಿ ಜಮೀನಿನಲ್ಲಿ ಪ್ರಾತ್ಯಕ್ಷಿಕೆ ಮಾಡದೆ, ಒಬ್ಬ ರೈತನ ಸ್ವಂತ ಹೊಲದಲ್ಲಿ, ಅವನ ಕೈಯಿಂದಲೇ ಸುಧಾರಿತ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲೆಂದು ಊರಿನ ವರ್ತಕರು ಮೊದಲೇ ನಿಧಿ ಕೂಡಿಸಿಟ್ಟಿದ್ದರು. ನಿಧಿಯನ್ನು ಮುಟ್ಟುವ ಪ್ರಸಂಗ ಬರಲಿಲ್ಲ. ರೈತ ಲಾಭ ಪಡೆದ. ಅಂದು ಒಪ್ಪಿಸಿದ್ದು ಮಾತಿನ ಸಿಹಿಯಲ್ಲ. ನಷ್ಟದ ಭಯವನ್ನು ಹಂಚಿಕೊಂಡದ್ದು. ನಮ್ಮ ದೇಶದಲ್ಲಿಯೂ 1964ರಿಂದ ನಡೆದ ರಾಷ್ಟ್ರೀಯ ಪ್ರಾತ್ಯಕ್ಷಿಕೆಗಳನ್ನು ಸಣ್ಣ ರೈತರ ಹೊಲಗಳಲ್ಲಿ ಹಾಕಿದ್ದು ಇದೇ ಕಾರಣಕ್ಕೆ. ದೊಡ್ಡ ಸಾಹುಕಾರನ ಹೊಲದಲ್ಲಿ ಬೆಳೆ ಬಂದರೆ ‘ಅವರಿಗೇನ್ರಿ, ರೊಕ್ಕ ಅದ’ ಎನ್ನುವವರು, ತಮ್ಮಂಥವರ ಹೊಲದಲ್ಲಿ ಕಂಡಾಗ ಹಾಗೆನ್ನಲಾರರು.

ನೀವೂ ಇದನ್ನು ಮಾಡಬಹುದು. ‘ಕಾಕಾ, ಆ ನಾಲ್ಕ ಸಾಲಿನಾಗ ಕಾಳು ಕಮ್ಮಿ ಬಂದ್ರ ನನ್ನ ರಾಶಿಯಿಂದ ಅಳದ ಕೊಡ್ತೀನ್ರಿ’ ಎಂದು ಬದುವಿನಾಚೆಯ ಕಾಕಾಗೆ ಹೇಳಿ ನೋಡಿ. ಕೊಡುವ ಪ್ರಸಂಗ ಬರಲಿ, ಬಾರದಿರಲಿ, ಆ ಮಾತಿನಿಂದಲೇ ಅರ್ಧ ಕೆಲಸವಾಗುತ್ತದೆ. ಹೇಳಿದ ಮೇಲೆ ನಡೆದುಕೊಳ್ಳುವುದು ಮಾತ್ರ ತಪ್ಪಬಾರದು.

ಮನೆಯೊಳಗಿನ ಒಪ್ಪಿಗೆ

ಎಷ್ಟೋ ಸಲ ಸಭೆಯಲ್ಲಿ ತಲೆಯಾಡಿಸಿದ ರೈತ ಹೊಲದಲ್ಲಿ ಏನೂ ಮಾಡಿರುವುದಿಲ್ಲ. ಕಾರಣ ಮನೆಯಲ್ಲಿ ಇರುತ್ತದೆ. ಬೀಜ ಹಸನು ಮಾಡಿ ಗಡಿಗೆಯಲ್ಲಿ ಇಡುವವರು ಹೆಣ್ಣುಮಕ್ಕಳು. ಕಳೆ ತೆಗೆಯುವವರು, ಕುಡಿ ಚಿವುಟುವವರು ಅವರೇ. ಅವರನ್ನು ಕೇಳದೆ ಗಂಡಸರನ್ನಷ್ಟೇ ಒಪ್ಪಿಸಿದರೆ ಕೆಲಸ ಅರ್ಧ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬೀಜೋಪಚಾರ ತೋರಿಸಿದ ಊರುಗಳಲ್ಲಿ ಅದು ಬೇಗ ರೂಢಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಬೆಲ್ಲದ ಅಂಟು ನೀರು ಕಾಸುವುದು, ಕಾಳಿಗೆ ಕೈಯಾಡಿಸುವುದು, ನೆರಳಿನಲ್ಲಿ ಹರವುವುದು ಅವರಿಗೆ ಹೊಸ ಕೆಲಸವೇ ಅಲ್ಲ.

ಓದಿದ ಮಕ್ಕಳಿಗೆ ಒಂದು ಮಾತು. ಅಪ್ಪನನ್ನು ನಾಲ್ಕು ಜನರ ಮುಂದೆ ತಿದ್ದಬೇಡಿ. ಮೊಬೈಲಿನಲ್ಲಿ ಕಂಡದ್ದನ್ನು ಹಿಡಿದು ‘ನಿಮಗೇನೂ ಗೊತ್ತಿಲ್ಲ’ ಎನ್ನಬೇಡಿ. ‘ಅಪ್ಪಾ, ಹ್ವಾದ ವರ್ಷ ಕೆಳಗಿನ ಹೊಲದಾಗ ಗಿಡ ಯಾಕ ಒಣಗಿದ್ವು?’ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಆಮೇಲೆ ಕೆಳಗಿನ ಹೊಲದ ಒಂದು ಮೂಲೆಯನ್ನು ಮಾತ್ರ ನಿಮ್ಮ ಪದ್ಧತಿಗೆ ಬೇಡಿ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಾಲ್ಕು ಸಾಲಿನ ಪರೀಕ್ಷೆ ಮಾಡುವ ಕ್ರಮ

ಕಣ್ಣಳತೆಯ ಮಾತು ಜಗಳಕ್ಕೆ ದಾರಿ. ಆದ್ದರಿಂದ ಪರೀಕ್ಷೆ ನ್ಯಾಯವಾಗಿರಬೇಕು.

1. ಒಂದೇ ಹೊಲ, ಒಂದೇ ಮಣ್ಣು, ಒಂದೇ ದಿನದ ಬಿತ್ತನೆ ಇರಲಿ. ಬದುವಿನ ಅಂಚಿನ ಸಾಲು, ತಗ್ಗಿನ ಸಾಲು ಬೇಡ.

2. ಒಂದು ಸಲಕ್ಕೆ ಒಂದೇ ಹೊಸ ಪದ್ಧತಿಯನ್ನು ಪರೀಕ್ಷಿಸಿ. ಬೀಜ, ಗೊಬ್ಬರ, ಔಷಧಿ ಮೂರನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯದು.

3. ಹೊಸ ಪದ್ಧತಿಯ ನಾಲ್ಕು ಸಾಲು, ಹಳೆಯ ಪದ್ಧತಿಯ ನಾಲ್ಕು ಸಾಲು ಪಕ್ಕಪಕ್ಕದಲ್ಲಿರಲಿ. ತುದಿಯಲ್ಲಿ ಗೂಟ ನೆಟ್ಟು ಬಣ್ಣದ ಬಟ್ಟೆ ಕಟ್ಟಿ.

4. ಕಾಯಿ ಬಲಿತಾಗ ಎರಡೂ ಕಡೆ ಐದೈದು ಗಿಡ ಆರಿಸಿ ಕಾಯಿ ಎಣಿಸಿ. ಗಿಡಗಳನ್ನು ಒಪ್ಪದವರೇ ಆರಿಸಲಿ.

5. ರಾಶಿಯನ್ನು ಬೇರೆ ಬೇರೆ ಮಾಡಿ ತೂಗಿ. ಮಾಡಿದ ಖರ್ಚನ್ನೂ ಬರೆದಿಡಿ. ಇಳುವರಿ ಹೆಚ್ಚಿದರೂ ಖರ್ಚು ಅದನ್ನು ಮೀರಿದ್ದರೆ ಆ ಪದ್ಧತಿ ನಿಮಗೆ ಬೇಡ.

ಇದನ್ನು ಊರವರಿಗೆ ತೋರಿಸಲು ಎಳ್ಳಮವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಅಂದು ಬೀಗರು, ನೆರೆಯವರು ಎಲ್ಲರೂ ಹೊಲಕ್ಕೆ ಬರುತ್ತಾರೆ. ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಹೊಲದಲ್ಲಿ ಅಡ್ಡಾಡುವ ಹೊತ್ತಿಗೆ ತೊಗರಿ ಕಾಯಿ ತುಂಬಿ ನಿಂತಿರುತ್ತದೆ. ನೀವು ಏನೂ ಹೇಳಬೇಡಿ. ಗೂಟಕ್ಕೆ ಕಟ್ಟಿದ ಬಟ್ಟೆ ಯಾಕೆಂದು ಅವರೇ ಕೇಳುತ್ತಾರೆ. ಕೇಳಿ ತಿಳಿದುಕೊಂಡ ಮಾತು ಮನಸ್ಸಿನಲ್ಲಿ ಹೆಚ್ಚು ದಿನ ನಿಲ್ಲುತ್ತದೆ.

ಒಲ್ಲೆ ಎಂದವರೇ ಸರಿಯಿದ್ದರೆ?

ಒಪ್ಪಿಸುವ ಕಲೆ ಒಳ್ಳೆಯವರ ಕೈಯಲ್ಲಿಯೇ ಇರುತ್ತದೆ ಎಂದೇನಿಲ್ಲ. ನಯವಾದ ಮಾತಿನಿಂದಲೇ ಬೇಡದ ಔಷಧಿಯನ್ನು ಗಂಟು ಕಟ್ಟುವವರೂ ಇದ್ದಾರೆ. ಆದ್ದರಿಂದ ಇತರರನ್ನು ಒಪ್ಪಿಸುವುದನ್ನು ಕಲಿತಂತೆ, ತನ್ನನ್ನು ಒಪ್ಪಿಸಲು ಬಂದವರನ್ನು ಪರೀಕ್ಷಿಸುವುದನ್ನೂ ರೈತ ಕಲಿಯಬೇಕು. ಮೂರು ಪ್ರಶ್ನೆ ಕೇಳಿ: ನಮ್ಮಂಥ ಮಣ್ಣಿನಲ್ಲಿ ಇದನ್ನು ಯಾರು ಮಾಡಿದ್ದಾರೆ, ಅವರ ಹೊಲ ತೋರಿಸುತ್ತೀರಾ? ಸ್ವಲ್ಪದರಲ್ಲಿ ಮಾಡಿ ನೋಡಬಹುದೇ? ಇದರಿಂದ ಆಗಬಹುದಾದ ಕೆಡುಕೇನು? ಒಳ್ಳೆಯ ಸಲಹೆಗಾರ ಮೂರಕ್ಕೂ ಸಮಾಧಾನದಿಂದ ಉತ್ತರಿಸುತ್ತಾನೆ. ‘ಇವತ್ತೇ ಕೊಳ್ಳಿ, ನಾಳೆ ಸಿಗದು’ ಎನ್ನುವವನಿಂದ ದೂರವಿರಿ.

ಹಾಗೆಯೇ ನೀವು ಹೇಳಿದ್ದನ್ನು ನೆರೆಯವರು ಎರಡು ಮೂರು ಸಲ ಕೇಳಿಯೂ ಒಪ್ಪದಿದ್ದರೆ ಬೆನ್ನು ಹತ್ತಬೇಡಿ. ಹೀಯಾಳಿಸಬೇಡಿ. ಊರಲ್ಲಿ ಹೆಸರು ಕೆಡಿಸಬೇಡಿ. ಬಾಗಿಲು ತೆರೆದಿಟ್ಟು ನಿಮ್ಮ ಹೊಲದಲ್ಲಿ ನೀವು ಮಾಡುತ್ತಿರಿ. ಅವರು ಹೇಳಿದ ಕಾರಣವನ್ನು ಮಾತ್ರ ಬರೆದಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಶಿಫಾರಸುಗಳು ತಿದ್ದುಪಡಿಯಾಗುವುದು ಅಂಥ ಕಾರಣಗಳಿಂದಲೇ.

ಮುಂದಿನ ತೊಗರಿ ಹಂಗಾಮಿಗೆ

ಒಪ್ಪಿಸುವ ಕೆಲಸವನ್ನು ಯಾವುದರಿಂದ ಆರಂಭಿಸಬೇಕು ಎಂದು ಕೇಳುವವರಿಗೆ, ಖರ್ಚು ಕಡಿಮೆಯಿಂದ ಹೆಚ್ಚಿನ ಕಡೆಗೆ ಈ ಕ್ರಮ:

– ಕಳೆದ ವರ್ಷ ನೆಟೆ ರೋಗ ಬಂದ ಹೊಲದಲ್ಲಿ ಈ ಸಲ ಜೋಳ ಬಿತ್ತುವುದು. ಸಾಧ್ಯವಿಲ್ಲದಿದ್ದರೆ ರೋಗ ತಡೆಯುವ ತಳಿ ಬಿತ್ತುವುದು.

– ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ರೈಜೋಬಿಯಂ ಜೀವಾಣುವನ್ನೂ ಹಚ್ಚಿ ನೆರಳಿನಲ್ಲಿ ಆರಿಸಿ ಬಿತ್ತುವುದು.

– 45–50 ದಿನಕ್ಕೆ ಕುಡಿ ಚಿವುಟುವುದು.

– ಹೂ ಬಿಡುವ ಮೊದಲೇ ಹಕ್ಕಿ ಕೂರುವ ಕಡ್ಡಿ ನೆಡುವುದು, ಚಿಟ್ಟೆ ಬಂದದ್ದನ್ನು ತಿಳಿಯಲು ಎಕರೆಗೆ ಎರಡು ಮೋಹಕ ಬಲೆ ಕಟ್ಟುವುದು.

– ಮೊಟ್ಟೆ ಕಂಡಾಗ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸುವುದು. 5 ಕಿಲೋ ಬೀಜದ ತಿರುಳನ್ನು ಪುಡಿ ಮಾಡಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಂಡು ಸಂಜೆ ಹೊಡೆಯಬೇಕು.

– ಹುಳು ದೊಡ್ಡದಾದಾಗ ನೆರೆಯವರ ಜೊತೆ ಕೂಡಿ ಗಿಡ ಅಲ್ಲಾಡಿಸುವುದು.

– ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಹುಳು ಮೀರಿದಾಗ, ಮೇಲಿನ ಉಪಾಯಗಳಿಗೆ ಜಗ್ಗದಿದ್ದರೆ ಮಾತ್ರ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಶಿಫಾರಸಾದ ಕೀಟನಾಶಕ ಬಳಸುವುದು.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದು ಒಬ್ಬ ರೈತನಿಗೆ ಸಿಕ್ಕ ಮಾನವಲ್ಲ. ಈ ನಾಡಿನ ಎಲ್ಲ ತೊಗರಿ ಹೊಲಗಳಿಗೆ ಕೂಡಿ ಸಿಕ್ಕದ್ದು. ಅದನ್ನು ಉಳಿಸಿಕೊಳ್ಳುವುದೂ ಕೂಡಿಯೇ ಆಗಬೇಕು.

ಈ ಲೇಖನವನ್ನು ವಾಚನಾಲಯದಲ್ಲಿ ಓದಿದವರು ಓದಲು ಬಾರದ ಒಬ್ಬರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. ಬಿತ್ತನೆಗೆ ಇನ್ನೂ ಸಮಯವಿರುವಾಗಲೇ ಬದುವಿನಾಚೆಯವರ ಮನೆಗೆ ಒಂದು ಸಂಜೆ ಹೋಗಿ ಬನ್ನಿ. ಮೊದಲ ದಿನ ತೊಗರಿಯ ಮಾತು ಎತ್ತದಿದ್ದರೂ ನಡೆದೀತು.